ಹ್ಯುಮಿಡೋರ್‌ಗೆ ‘ತೇವಪೆಟ್ಟಿಗೆ’ ಸರಿನಾ, ‘ಹದಪೆಟ್ಟಿಗೆ’ ಸರಿನಾ?

ನಮಸ್ಕಾರ ಎಲ್ಲರಿಗೂ. ಸಿಗಾರು ಇಡೋ ಪೆಟ್ಟಿಗೆಗೆ ಕನ್ನಡದಲ್ಲಿ ಒಂದು ಪದ ಕೇಳ್ಬೇಕಿತ್ತು, ಆದ್ರೆ ಹಿಂದಿನ ಕತೆ ಹೇಳದೆ ಕೇಳಿದ್ರೆ ಪ್ರಶ್ನೆ ಅರ್ಧಾನೇ ಆಗುತ್ತೆ, ಹಾಗಾಗಿ ಸ್ವಲ್ಪ ಉದ್ದ ಬರೀತಾ ಇದ್ದೇನೆ. ನಾನಿರೋದು ಕಾರವಾರ, ಅಮ್ಮನ ತವರು ಶಿರಸಿ ಕಡೆ. ನಮ್ಮ ಭಾವ ಹಡಗಿನಲ್ಲಿ ಕೆಲಸ ಮಾಡ್ತಾನೆ, ಹೋದ ವರ್ಷ ರಜೆಗೆ ಬಂದಾಗ ಕ್ಯೂಬಾದ ಸಿಗಾರಿಂದು ಒಂದು ಮರದ ಪೆಟ್ಟಿಗೆ ತಂದುಕೊಟ್ಟ, ಒಳಗೆ 25 ಇದ್ವು. ನಾನು ತಿಂಗಳಿಗೆ ಒಂದು ಸೇದಿದ್ರೆ ಹೆಚ್ಚು, ಹಾಗಾಗಿ ಪೆಟ್ಟಿಗೇನ ಹಾಗೇ ಬಟ್ಟೆ ಕಪಾಟಿನ ಮೇಲಿನ ಖಾನೇಲಿ ಇಟ್ಟುಬಿಟ್ಟೆ. ಮೇ ಕಳೀತು, ಮಳೆ ಹಿಡೀತು, ಆಷಾಢದಲ್ಲಿ ಒಂದಿನ ತೆಗೆದು ನೋಡಿದ್ರೆ ಮುಗ್ಗಲು ವಾಸನೆ ಮೂಗಿಗೆ ಬಡೀತು, ಸಿಗಾರು ಉಬ್ಬಿಕೊಂಡು ಎರಡರ ಮೇಲಿನ ಎಲೆ ಉದ್ದಕ್ಕೆ ಸೀಳಿತ್ತು, ತುದೀಲಿ ಹಸಿರು ಬೂಷ್ಟು. ಅಮ್ಮ ಒಂದನ್ನ ಎತ್ತಿ ಹೆಬ್ಬೆರಳು ತೋರುಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ “ಇದ್ರ ಹದ ತಪ್ಪೋತು ತಮಾ” ಅಂದ್ಲು. ಅವಳು ಜೀವಮಾನದಲ್ಲಿ ಸಿಗಾರು ಮುಟ್ಟಿದ್ದು ಅದೇ ಮೊದಲು. ಆದ್ರೆ ಸಿಗಾರು ಬಲ್ಲವರು ಪರೀಕ್ಷೆ ಮಾಡೋದೂ ಹಾಗೇನೇ, ಒತ್ತಿದ್ರೆ ಒಂಚೂರು ತಗ್ಗಿ ಮತ್ತೆ ಎದ್ದು ಬರ್ಬೇಕು, ಚರಚರ ಸದ್ದು ಬಂದ್ರೆ ಒಣಗಿದೆ ಅಂತ, ತಗ್ಗಿದ್ದು ತಗ್ಗಿದಂಗೇ ಉಳಿದ್ರೆ ನೀರು ಕುಡಿದಿದೆ ಅಂತ.

ಈಗ ಪದಕ್ಕೆ ಬರ್ತೇನೆ. ಸಿಗಾರು ಇಡೋ ಪೆಟ್ಟಿಗೆಗೆ ಇಂಗ್ಲಿಷ್‌ನಲ್ಲಿ ಹ್ಯುಮಿಡೋರ್ ಅಂತಾರೆ. ಕನ್ನಡದಲ್ಲಿ ಬರೆಯೋವಾಗ ಮೊದ್ಲು ನಂಗೆ ತೋಚಿದ್ದು ತೇವಪೆಟ್ಟಿಗೆ, ಯಾಕಂದ್ರೆ ಹ್ಯುಮಿಡ್ ಅಂದ್ರೆ ತೇವ ತಾನೆ. ಆದ್ರೆ ಆ ಪೆಟ್ಟಿಗೆ ಮಾಡೋ ಕೆಲಸ ತೇವ ಕೊಡೋದಷ್ಟೇ ಅಲ್ಲ. ಒಳಗಿನ ಗಾಳಿಯ ತೇವಾಂಶ ಶೇಕಡಾ 65ರಿಂದ 70ರ ನಡುವೆ, ಶಾಖ 18ರಿಂದ 21 ಡಿಗ್ರಿ ಸುಮಾರಿಗೆ ನಿಲ್ಲಬೇಕು. ಚಳಿದೇಶದವರ ಮನೇಲಿ ಹೀಟರ್ ಹಚ್ಚಿ ಗಾಳಿ ಒಣಗಿರುತ್ತೆ, ಅವರಿಗೆ ಪೆಟ್ಟಿಗೆ ತೇವ ಕೊಡ್ಬೇಕು. ನಮ್ಮ ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳ ಡಬ್ಬಿಯಿಂದ ತೆಗೆದು ಎಣ್ಣೆ ಕಾಯೋದ್ರೊಳಗೆ ಮೆತ್ತಗಾಗುತ್ತೆ, ಇಲ್ಲಿ ಪೆಟ್ಟಿಗೆ ಕೆಲಸ ತೇವಾನ ಹೊರಗಿಡೋದು. ಅದನ್ನ ತೇವಪೆಟ್ಟಿಗೆ ಅಂದ್ರೆ ಓದಿದವನು ಒಳಗೆ ಒದ್ದೆ ಸ್ಪಂಜು ಇಟ್ಟು ಇದ್ದಿದ್ದೂ ಹಾಳು ಮಾಡಿಕೊಳ್ತಾನೆ. ಪದದಿಂದಲೇ ವಸ್ತು ಕೆಡೋ ಹಾಗಾಗ್ಬಾರದು ಅನ್ನೋದು ನನ್ನ ಕಾಳಜಿ.

ಅದಕ್ಕೇ ಅಮ್ಮನ ಬಾಯಿಂದ ಬಂದ ಮಾತೇ ಹಿಡ್ಕೊಂಡು ಹದಪೆಟ್ಟಿಗೆ ಅನ್ನೋಣ ಅಂತ. ಬೆಲ್ಲದ ಪಾಕಕ್ಕೆ ಹದ, ಮಣ್ಣಿಗೆ ಹದ, ಚರ್ಮ ಹದ ಮಾಡ್ತಾರೆ, ಕತ್ತಿ ಅಲಗಿಗೂ ಹದ ಅಂತಾರೆ. ತೊಡೆದೇವು ಮಾಡೋರನ್ನ ನೋಡಿ, ಮಗುಚಿಟ್ಟ ಗಡಿಗೆ ಮೇಲೆ ಹಿಟ್ಟು ಬಳಿದು, ಹಾಳೆ ಎದ್ದುಬರೋ ಹೊತ್ತಿಗೆ ಸರಿಯಾಗಿ ಮಡಚಬೇಕು, ಒಂದು ಗಳಿಗೆ ತಡ ಆದ್ರೆ ಮುರಿಯುತ್ತೆ. ಆ ಮಡಚೋ ಗಳಿಗೆಗೆ ಏನಂತೀರಿ ಅಂದ್ರೆ ಹದ ಅಂತಾರೆ. ಸಿಗಾರಿನ ಎಲೆಗೂ ಬೇಕಾಗಿರೋದು ಅದೇ, ಹಸಿನೂ ಅಲ್ಲ ಒಣನೂ ಅಲ್ಲ, ಬಾಗುತ್ತೆ ಆದ್ರೆ ಮುರಿಯಲ್ಲ. ಪಸೆ ಅನ್ನೋ ಒಳ್ಳೆ ಪದ ಇದೆ, ಆದ್ರೆ ಅದು ನೀರಿನಂಶದ ಬಗ್ಗೆ ಮಾತ್ರ ಹೇಳುತ್ತೆ, ಎಷ್ಟಿದ್ರೆ ಸರಿ ಅಂತ ಹೇಳಲ್ಲ. ಹದ ಅನ್ನೋದ್ರಲ್ಲಿ ಆ ‘ಎಷ್ಟು’ ಸೇರ್ಕೊಂಡೇ ಇದೆ.

ಇನ್ನೊಂದು ಸಂಗತಿ. ಹ್ಯುಮಿಡೋರ್ ಪದ ಇಂಗ್ಲಿಷ್‌ನೋರೂ ಕಟ್ಟಿಕೊಂಡಿದ್ದೇ, ಅದೂ 20ನೇ ಶತಮಾನದ ಶುರುವಲ್ಲಿ, ಕಸ್ಪಿಡೋರ್ ಅನ್ನೋ ಪದದ ಅಚ್ಚಿನಲ್ಲಿ. ಕಸ್ಪಿಡೋರ್ ಅಂದ್ರೆ ಪೀಕದಾನಿ, ಪೋರ್ಚುಗೀಸ್‌ನ ಉಗುಳು ಅನ್ನೋ ಕ್ರಿಯಾಪದದಿಂದ ಬಂದಿದ್ದು. ಕವಳದ (ಎಲೆಅಡಿಕೆಯ) ಊರಿನವನಾದ ನಂಗೆ ಇದು ಓದಿ ಬಹಳ ಖುಷಿಯಾಯ್ತು. ಆ ಅಚ್ಚು ಹಿಡಿದ್ರೆ ಪೀಕದಾನಿ, ಅತ್ತರದಾನಿ ಥರ ಹದದಾನಿ ಅನ್ನಬಹುದು, ಆದ್ರೆ ಕನ್ನಡದ ಕಿವಿಗೆ ದಾನಿ ಅಂದ್ರೆ ದಾನ ಕೊಡೋನು ಮೊದ್ಲು ಬರ್ತಾನೆ, ಹಾಗಾಗಿ ಬಿಟ್ಟೆ. ಕರಡಿಗೆ ಅನ್ನೋದು ಚೆಂದ ಇದೆ, ಕುಂಕುಮದ ಕರಡಿಗೆ ಅಂತೀವಲ್ಲ, ಆದ್ರೆ ಅದು ತೀರಾ ಚಿಕ್ಕದು.

ಸಿಗಾರಿಗೆ ಚುಟ್ಟ ಅನ್ನಬಹುದಾ ಅಂತ ಯಾರಾದ್ರೂ ಕೇಳೇ ಕೇಳ್ತೀರಿ. ಚುಟ್ಟ ಎರಡೂ ಕಡೆ ಬಾಯಿ ತೆರೆದಿರುತ್ತೆ. ಸಿಗಾರಿನ ಬಾಯಿಗಿಡೋ ತುದಿಗೆ ಎಲೆ ಚೂರಿಂದ ಟೊಪ್ಪಿ ಅಂಟಿಸಿ ಮುಚ್ಚಿರ್ತಾರೆ, ಸೇದೋ ಮುಂಚೆ ಆ ಟೊಪ್ಪಿ ತುದಿ ಎರಡು ಮಿಲಿಮೀಟರ್ ಅಷ್ಟು ಕತ್ತರಿಸ್ಬೇಕು, ಅದಕ್ಕಿಂತ ಕೆಳಗೆ ಹೋದ್ರೆ ಮೇಲೆಲೆ ಬಿಚ್ಚಿಕೊಳ್ಳುತ್ತೆ. ಹಾಗಾಗಿ ಸಿಗಾರನ್ನ ಸಿಗಾರೇ ಅಂದು ಚುಟ್ಟಾನ ಚುಟ್ಟಕ್ಕೇ ಬಿಡೋದು ಒಳ್ಳೇದು. ಆದ್ರೆ ಇಂಗ್ಲಿಷಿನ ಚೆರೂಟ್, ಪೋರ್ಚುಗೀಸ್‌ನ ಶರೂತು ಎಲ್ಲ ತಮಿಳಿನ ಸುರುಟ್ಟುನಿಂದ ಹೋಗಿದ್ದು, ನಮ್ಮ ಸುರುಳಿ, ಸುರುಟು ಅದರ ಒಡಹುಟ್ಟು. ಉಪ್ಪಿಗೆ ಹಾಕಿದ ಅಪ್ಪೆಮಿಡಿ ಚಿರುಟಿದೆ ಅಂತೀವಲ್ಲ, ಆ ಚಿರುಟು ಕೂಡ ಇದೇ ಮನೆದು ಅಂತ ನನ್ನ ಊಹೆ, ಬಲ್ಲವರು ತಿದ್ದಿ.

ಸಿಗಾರಿನ ಮೂರು ಬಗೆ ಎಲೆಗೆ ನಾನು ಮೇಲೆಲೆ (ಹೊರಗೆ ಸುತ್ತೋದು), ಕಟ್ಟೆಲೆ (ಒಳಗಿನದನ್ನ ಕಟ್ಟಿ ಹಿಡಿಯೋದು), ಒಳೆಲೆ (ಒಳಗೆ ತುಂಬೋದು) ಅಂತ ಬಳಸ್ತಾ ಇದ್ದೇನೆ, ಅದ್ರಲ್ಲಿ ತಕರಾರು ಬರಲಿಕ್ಕಿಲ್ಲ. ಹುಳಕ್ಕೆ ಮಾತ್ರ ಹೊಸ ಪದ ಬೇಡ. ಶಾಖ 25 ದಾಟಿದ್ರೆ ಎಲೆ ಒಳಗಿನ ಮೊಟ್ಟೆ ಒಡೆದು ಎರಡು ಮೂರು ಮಿಲಿಮೀಟರಿನ ಕೆಂಗಂದು ಹುಳ ಗುಂಡುಸೂಜಿ ಚುಚ್ಚಿದಂಗೆ ತೂತು ಮಾಡ್ಕೊಂಡು ಬರುತ್ತೆ. ಅದು ಕುಟ್ಟೆ ಹುಳ ಅಲ್ದೆ ಇನ್ನೇನು, ಅಡಿಕೆ ಇಡೋರಿಗೆ ಹೇಳ್ಕೊಡೋದೇ ಬೇಡ. ಕುಟ್ಟೆ ಹಿಡಿದ್ರೆ ಸಿಗಾರು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರ್ನಾಲ್ಕು ದಿನ ಫ್ರೀಜರಲ್ಲಿಟ್ಟು, ಆಮೇಲೆ ಒಂದಿನ ಕೆಳಗಿನ ಫ್ರಿಜ್ಜಲ್ಲಿಟ್ಟು, ನಂತರ ಹೊರಗೆ ತೆಗೀತಾರೆ. ಒಮ್ಮೆಲೇ ತೆಗೆದ್ರೆ ಮೇಲೆಲೆ ಸೀಳುತ್ತೆ.

ಪೆಟ್ಟಿಗೆ ಒಳಮೈಗೆ ಹಾಕೋ ಮರಕ್ಕೆ ಸ್ಪ್ಯಾನಿಶ್ ಸೀಡರ್ ಅಂತಾರೆ, ಆದ್ರೆ ಅದು ದೇವದಾರಿನ ಜಾತಿಯೇ ಅಲ್ಲ, ಬೇವಿನ ಕುಟುಂಬದ್ದು. ಆ ಕುಟುಂಬದ ನಮ್ಮ ಮರ ಗಂಧಗರಿಗೆ, ಇದರ ಹಲಗೇಲೂ ಸಿಗಾರ್ ಪೆಟ್ಟಿಗೆ ಮಾಡ್ತಿದ್ರು. ಅನುವಾದ ಮಾಡೋರು ಸ್ಪ್ಯಾನಿಶ್ ದೇವದಾರು ಅಂತ ಬರೀಬಾರದು ಅಂತ ನನ್ನ ಬೇಡಿಕೆ.

ನನ್ನ ಈಗಿನ ಹದಪೆಟ್ಟಿಗೆ ಅಂದ್ರೆ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮರದ ಪಟ್ಟಿ, ತೇವಾಂಶ ಶೇಕಡಾ 65ಕ್ಕೆ ನಿಲ್ಲಿಸೋ ಬೋವೆಡಾ ಕಂಪನಿಯ ಪೊಟ್ಟಣ, ತೇವಾಂಶ ಅಳೆಯೋ ಒಂದು ಚಿಕ್ಕ ಮೀಟರು. ಆ ಪೊಟ್ಟಣ ಹೆಚ್ಚಾದ್ರೆ ಹೀರುತ್ತೆ, ಕಮ್ಮಿ ಆದ್ರೆ ಬಿಡುತ್ತೆ. ಮೀಟರು ಸರಿ ಇದೆಯಾ ಅಂತ ನೋಡೋಕೆ ಬಾಟ್ಲಿ ಮುಚ್ಚಳದಲ್ಲಿ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಮೀಟರ್ ಜೊತೆ ಚೀಲದಲ್ಲಿ ಕಟ್ಟಿ ರಾತ್ರಿ ಇಟ್ರೆ ಬೆಳಿಗ್ಗೆ 75 ತೋರಿಸ್ಬೇಕು. ನಾನು ಮೊದ್ಲು ಸಾಣಿಕಟ್ಟೆಯ ಕಲ್ಲುಪ್ಪಲ್ಲಿ ಮಾಡ್ದೆ, ಕಮ್ಮಿ ತೋರಿಸ್ತು, ಪುಡಿ ಉಪ್ಪಲ್ಲಿ ಮಾಡಿದ್ಮೇಲೆ ಸರಿ ಬಂತು. ಸಮುದ್ರದ ಉಪ್ಪಲ್ಲಿ ಮೆಗ್ನೀಸಿಯಂ ಇರುತ್ತಲ್ಲ, ಅದು ಬೇಗ ನೀರು ಹೀರುತ್ತೆ, ಮಳೆಗಾಲದಲ್ಲಿ ಉಪ್ಪಿನ ಮರಿಗೆಯ ತಳದಲ್ಲಿ ನೀರು ನಿಲ್ಲೋದೂ ಅದಕ್ಕೇ.

ಈಗ ನಿಮ್ಮ ಹತ್ರ ಎರಡು ಪ್ರಶ್ನೆ. ಹುಣಸೂರು, ನಿಪ್ಪಾಣಿ ಕಡೆಯವರು ಯಾರಾದ್ರೂ ಇದ್ರೆ ಹೇಳಿ, ಬೇಯಿಸಿದ ಅಥವಾ ಒಣಗಿಸಿದ ಹೊಗೆಸೊಪ್ಪು ಪುಡಿ ಆಗದ ಹಾಗೆ ಮುಟ್ಟೋ ಮುಂಚೆ ತುಸು ತೇವ ತಾಗಿಸಿ ಮೆತ್ತಗೆ ಮಾಡ್ಕೊಳ್ತೀರಲ್ಲ, ಆ ಸ್ಥಿತಿಗೆ ನಿಮ್ಮಲ್ಲಿ ಏನಂತಾರೆ? ಅಲ್ಲೂ ಹದ ಅಂತಾನೇ ಇದ್ರೆ ನನ್ನ ಪದ ಗಟ್ಟಿ ಆಯ್ತು, ಬೇರೆ ಪದ ಇದ್ರೆ ಅದನ್ನೇ ತಗೊಳ್ಳೋಣ, ಸೊಪ್ಪು ಬೆಳೆಯೋರ ಮಾತಿಗಿಂತ ನನ್ನ ಮಾತು ದೊಡ್ಡದಲ್ಲ.

ಎರಡನೇದು ಕ್ರಿಯಾಪದ. ಬೀಡಿ ಸೇದು ಅಂತೀವಿ, ಬಾವಿ ನೀರೂ ಸೇದು ಅಂತೀವಿ, ಎರಡರಲ್ಲೂ ಆಳದಿಂದ ಆಳಕ್ಕೆ ಎಳೆಯೋ ಭಾವ ಇದೆ. ಸಿಗಾರಿನ ಹೊಗೆ ಎದೆಗೆ ಇಳಿಸೋ ಹಾಗಿಲ್ಲ, ಬಾಯಲ್ಲೇ ಆಡಿಸಿ ಬಿಡ್ಬೇಕು, ನಿಮಿಷಕ್ಕೊಂದು ಸಲ ಸಾಕು, ಅವಸರ ಮಾಡಿದ್ರೆ ಕಾದು ಕಹಿ ಆಗುತ್ತೆ. (ಎದೆಗೆ ಇಳಿಸಲ್ಲ ಅಂದ್ರೂ ಬಾಯಿ ಕ್ಯಾನ್ಸರಿನ ಅಪಾಯ ಇದ್ದೇ ಇದೆ, ಹೊಗೆಸೊಪ್ಪು ಹಾಕಿ ಕವಳ ತಿನ್ನೋ ನಮ್ಮ ಸೀಮೆಯವರು ಅದನ್ನ ಮನೆಮನೇಲಿ ಕಂಡಿದ್ದಾರೆ.) ಮೇಲಿಂದ ಕೆಳಗೂ ನಾನೇ ಸೇದು ಅಂತ ಬರೆದಿದ್ದೇನೆ, ಬೇರೆ ಸಿಗಲಿಲ್ಲ. ಹೀರು ಅಂದ್ರೆ ಚಹಾ ಆಗುತ್ತೆ, ಎಳಿ ಅಂದ್ರೆ ಮತ್ತೆ ಬೀಡಿ. ಬಾಯಾಡಿಸು ಅಂದ್ರೆ ತಿಂಡಿ. ನಿಮ್ಮ ಊರಲ್ಲಿ ಚುಟ್ಟ ಹಚ್ಚೋ ಅಜ್ಜಂದಿರು ಇದ್ರೆ ಅವರು ಯಾವ ಮಾತು ಆಡ್ತಾರೆ ಅಂತ ಕೇಳಿ ಬರೀತೀರಾ?