ತೋಟದ ಕೆರೆ ಏರಿಯ ಬುಡ ಒದ್ದೆ ಆಗಿದೆ, ಏನು ಮಾಡಲಿ?

ಮೂಡಿಗೆರೆ ಕಡೆ, ಹೋಂಸ್ಟೇ ನಡೆಸುವವರು

ಎಲ್ಲರಿಗೂ ನಮಸ್ಕಾರ. ಕಾಫಿಗೆ ನೀರು ಹಾಯಿಸಲು ನಮ್ಮಪ್ಪ ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿಸಿದ್ದರು. 60 ಮೀಟರ್ ಉದ್ದ, 5 ಮೀಟರ್ ಎತ್ತರ. ಈಗ ಅಲ್ಲಿ ಗೆಸ್ಟ್‌ಗಳಿಗೆ ಪೆಡಲ್ ಬೋಟ್ ಬಿಟ್ಟಿದ್ದೇವೆ. ಮೀನು ಹೋಗದಂತೆ ಕೋಡಿಗೆ ಬಲೆ ಕಟ್ಟಿದ್ದೇವೆ. ಏರಿ ಮೇಲೆ ಎರಡು ದೊಡ್ಡ ಸಿಲ್ವರ್ ಓಕ್ ಇವೆ. ಈ ಸಲ ಹೊರಬದಿಯ ಬುಡದಲ್ಲಿ ಎರಡು ಚಾಪೆ ಅಗಲದಷ್ಟು ಜಾಗ ಸದಾ ಒದ್ದೆ. ಕೆಳಗಡೆ ತೋಟದ ಕೆಲಸದವರ ಐದು ಲೈನ್ ಮನೆಗಳಿವೆ. ಮಳೆಗಾಲಕ್ಕೆ ಇನ್ನು ಹದಿನೈದು ದಿನ. ಸಿಮೆಂಟ್ ಹಾಕಿ ಮುಚ್ಚಿಸಿಬಿಡಲಾ? ಯಾರಿಗಾದರೂ ಹೀಗೆ ಆಗಿತ್ತಾ?

ಸಕಲೇಶಪುರದ ಬೆಳೆಗಾರ

ಒದ್ದೆ ಜಾಗದ ವಿಷಯ ಆಮೇಲೆ. ಮೊದಲು ಆ ಬಲೆ ಬಿಚ್ಚಿ.

2019ರ ಆಗಸ್ಟ್ ಮಳೆ ನೆನಪಿದೆ ಅಲ್ವಾ? ನಾನೂ ನಿಮ್ಮ ಹಾಗೇ ಬಲೆ ಕಟ್ಟಿದ್ದೆ. ರಾತ್ರಿ ಹತ್ತೂವರೆಗೆ ಟಾರ್ಚ್ ಹಿಡಿದು ಹೋದರೆ ಹಲಸಿನ ಎಲೆ, ಬಿದಿರಿನ ಕಸ, ಒಂದು ಗೊಬ್ಬರದ ಚೀಲ ಎಲ್ಲಾ ಬಲೆಗೆ ಅಂಟಿ ಗೋಡೆಯಾಗಿತ್ತು. ನೀರು ಏರಿಯ ತಲೆ ಮುಟ್ಟಲು ಒಂದು ಗೇಣು ಬಾಕಿ. ನಾನು, ತೋಟದ ಲೆಕ್ಕ ನೋಡುವ ರೈಟರ್ ಇಬ್ಬರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕತ್ತಿಯಿಂದ ಬಲೆ ಕೊಯ್ದೆವು. ಕಸದ ರಾಶಿ ಒಟ್ಟಿಗೇ ಕಿತ್ತುಕೊಂಡು ಹೋಯಿತು, ಜೊತೆಗೆ ರೈಟರ್‌ನ ಒಂದು ಗಮ್‌ಬೂಟು. ಹಾಗೆ ನೀರಿಗೆ ಇಳಿದದ್ದೂ ದಡ್ಡತನವೇ ಬಿಡಿ. ಆದರೆ ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿದರೆ ಹೊರಬದಿ ಕೊರೆದುಕೊಂಡು ಬರುತ್ತದೆ, ಆಮೇಲೆ ಯಾರ ಕೈಗೂ ಸಿಗುವುದಿಲ್ಲ. ಮೀನು ಹೋದರೆ ಮುಂದಿನ ವರ್ಷ ಮರಿ ಬಿಟ್ಟುಕೊಳ್ಳಿ.

ಪಿಟ್ಸ್‌ಬರ್ಗ್‌ನಿಂದ

ಬಲೆ ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಜಾನ್ಸ್‌ಟೌನ್ ಅನ್ನುವ ಊರು. ಅದಕ್ಕಿಂತ ಮೇಲೆ, ಸುಮಾರು 22 ಕಿಲೋಮೀಟರ್ ದೂರದಲ್ಲಿ, ಸೌತ್ ಫೋರ್ಕ್ ಎಂಬ ಮಣ್ಣಿನ ಅಣೆಕಟ್ಟು ಇತ್ತು. ಶ್ರೀಮಂತರ ಕ್ಲಬ್ಬೊಂದು ಅದನ್ನು ಕೊಂಡು ದೋಣಿ, ಗಾಳ ಅಂತ ಮೋಜಿನ ಕೆರೆ ಮಾಡಿಕೊಂಡಿತು. ತಳದಿಂದ ನೀರು ಬಿಡುವ ಪೈಪ್‌ಗಳನ್ನು ಹಿಂದಿನ ಮಾಲೀಕ ಮೊದಲೇ ಕಿತ್ತು ಮಾರಿದ್ದ, ಇವರು ಮತ್ತೆ ಹಾಕಿಸಲಿಲ್ಲ. ಗಾಡಿ ಓಡಾಡಲಿ ಅಂತ ಏರಿಯ ತಲೆ ತಗ್ಗಿಸಿದರು. ಕೋಡಿಗೆ ಮೀನು ತಡೆಯುವ ಜಾಲರಿ ಬೇರೆ. 1889ರ ಮೇ 31ರ ಮಳೆಗೆ ಜಾಲರಿಯಲ್ಲಿ ಕಸ ಕಟ್ಟಿತು, ನೀರು ಕಟ್ಟೆಯ ತಲೆ ಹತ್ತಿ ಹರಿದು ಕಟ್ಟೆಯೇ ಒಡೆಯಿತು. ಸತ್ತವರು 2200ಕ್ಕೂ ಹೆಚ್ಚು ಜನ. ಕಟ್ಟೆಯ ಎರಡು ತುದಿಗಳು ಈಗಲೂ ನಿಂತಿವೆ. ನಡುವೆ ಬರೀ ಖಾಲಿ.

ನಿಮ್ಮದು ಅಷ್ಟು ದೊಡ್ಡದಲ್ಲ, ಗೊತ್ತು. ಲೈನ್ ಮನೆಗಳು ಮಾತ್ರ ಹತ್ತಿರದಲ್ಲೇ ಇವೆ.

ಸಣ್ಣ ನೀರಾವರಿಯಲ್ಲಿದ್ದು ರಿಟೈರ್ ಆದವನು

ಸಿಮೆಂಟ್ ಬೇಡವೇ ಬೇಡ. ಹೊರಬದಿಯ ಬಾಯಿ ಮುಚ್ಚಿದರೆ ನೀರು ಒಳಗೇ ಒತ್ತಿ ಇನ್ನೊಂದು ಕಡೆ ದಾರಿ ಹುಡುಕುತ್ತದೆ. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ. ನೀರಿನ ಜೊತೆ ಮಣ್ಣು ಬರುತ್ತಿದೆಯಾ ಅನ್ನುವುದೇ ಮುಖ್ಯ. ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಅಲ್ಲಾಡಿಸದೆ ಇಡಿ. ಒದ್ದೆ ಜಾಗದ ಅಂಚಿಗೆ ಗೂಟ ಹೊಡೆಯಿರಿ, ಅಗಲ ಆಗುತ್ತಿದ್ದರೆ ಗೊತ್ತಾಗುತ್ತದೆ. ಜಿನುಗಿದ ನೀರನ್ನು ಒಂದು ಪೈಪಿಗೆ ತಿರುಗಿಸಿ, ಬಕೆಟ್ ತುಂಬಲು ಎಷ್ಟು ನಿಮಿಷ ಅಂತ ದಿನಾ ಬರೆದಿಡಿ. ಪಕ್ಕದಲ್ಲಿ ಕೆರೆಯ ಮಟ್ಟವನ್ನೂ ಬರೆಯಿರಿ. ಬುಡವನ್ನು ಮಾತ್ರ ಅಗೆಯಬೇಡಿ.

ಮಣ್ಣು ಬರುತ್ತಿದ್ದರೆ ಅದರ ಮೇಲೆ ಮೊದಲು ಮರಳು, ಆಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ. ನೀರು ಹೋಗಲಿ, ಮಣ್ಣು ನಿಲ್ಲಲಿ. ಮಟ್ಟವನ್ನೂ ಇಳಿಸಿ, ಆದರೆ ನಿಧಾನ. ಒಂದೇ ದಿನಕ್ಕೆ ಖಾಲಿ ಮಾಡಿದರೆ ಒಳಬದಿಯ ನೆಂದ ಮಣ್ಣು ಜಾರುತ್ತದೆ. ಕೆಂಪು ನೀರು ಬಂದು ಜಾಸ್ತಿ ಆಗುತ್ತಾ ಹೋದರೆ ಏನೂ ರಿಪೇರಿ ಮಾಡುತ್ತಾ ಕೂರಬೇಡಿ. ಲೈನ್ ಮನೆ ಖಾಲಿ ಮಾಡಿಸಿ, ತಾಲೂಕು ಕಚೇರಿಗೆ ಫೋನ್ ಮಾಡಿ.

ಸಿಲ್ವರ್ ಓಕ್ ಈಗ ಮುಟ್ಟಬೇಡಿ. ಸುಮ್ನೆ ಕಡಿದು ಬಿಟ್ಟರೆ ಬೇರು ಕೊಳೆತು ಒಳಗೆ ಕೊಳವೆ ಆಗುತ್ತದೆ. ಬೇಸಿಗೆಯಲ್ಲಿ ಬುಡ ಸಮೇತ ತೆಗೆಸಿ, ಪದರ ಪದರವಾಗಿ ಮಣ್ಣು ಹಾಕಿ ದಮ್ಮಸ್ಸು ಮಾಡಿಸಿ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, 10ರಿಂದ 15ರೊಳಗಿನ ಕೆಲವಕ್ಕೆ. ನಿಮ್ಮದು 5. ಆ ಕಾಯ್ದೆ ಹಿಡಿದುಕೊಂಡು ಯಾರೂ ತಾವಾಗಿ ಬಂದು ನೋಡುವುದಿಲ್ಲ. ನೀವೇ ಎಂಜಿನಿಯರ್ ಒಬ್ಬರನ್ನು ಕರೆಸಬೇಕು.

ಹಿರಿಯೂರು ಕಡೆಯವಳು

ನಮ್ಮಜ್ಜ ಊರ ಕೆರೆಯ ನೀರಗಂಟಿ. ಏರಿಯಲ್ಲಿ ತೂತು ಬೀಳುವುದಕ್ಕೆ ನಮ್ಮ ಕಡೆ ಬೋಂಗಾ ಅಂತಾರೆ. ಕೆರೆ ತುಂಬಿದ ದಿನಗಳಲ್ಲಿ ಅಜ್ಜ ಏರಿಯ ಬುಡದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದರು. ಅಂಗಾಲಿಗೆ ತಣ್ಣಗೆ ತಗುಲಿದರೆ ಅಲ್ಲೇ ಕೂತು ಹುಲ್ಲು ಸರಿಸಿ ನೋಡುವುದು. ಹೆಗ್ಗಣದ ಬಿಲ, ಏಡಿ ಬಿಲ ಕಂಡರೆ ಅವತ್ತೇ ಮುಚ್ಚಿಸುತ್ತಿದ್ದರು. ಅಣ್ಣಾ, ನಿಮ್ಮ ಏರಿಯೊಳಗೆ ಹಳೇ ತೂಬಿನ ಪೈಪ್ ಇದೆಯಾ? ಒದ್ದೆ ಜಾಗ ಅದರ ನೇರಕ್ಕೇ ಇದ್ದರೆ ನೀರು ಪೈಪಿನ ಪಕ್ಕ ಹಿಡಿದೇ ಬರುತ್ತಿರಬಹುದು.

ಕೇಳಿದವನು, ಐದು ವಾರದ ಮೇಲೆ

ತಂಗಿ ಹೇಳಿದ್ದೇ ಸರಿ. ಅಪ್ಪ ಹಾಕಿಸಿದ ಸಿಮೆಂಟಿನ ಹ್ಯೂಮ್ ಪೈಪ್ ಒಂದಿದೆ, ಮರೆತೇ ಹೋಗಿತ್ತು. ಒದ್ದೆ ಜಾಗ ಅದರ ನೇರಕ್ಕೇ ಇದೆ. ಬಾಟಲಿಯ ತಳದಲ್ಲಿ ಉಗುರಿನಷ್ಟು ದಪ್ಪ ಮಣ್ಣು ಕೂತಿತ್ತು, ಅರಿಶಿನದ ಪುಡಿಯಷ್ಟು ನಯ. ಎಂಜಿನಿಯರ್ ಒಬ್ಬರು ಬಂದು ನೋಡಿದರು. ಮರಳು, ಜಲ್ಲಿ ಹಾಕಿಸಿದೆವು. ಪಂಪಿನಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ನೀರು ಇಳಿಸಿ, ಕೋಡಿಯ ಮೇಲಿನ ಎರಡು ಸಾಲು ಕಲ್ಲು ತೆಗೆಸಿದೆವು. ನಾಲ್ಕು ನಿಮಿಷಕ್ಕೆ ತುಂಬುತ್ತಿದ್ದ ಬಕೆಟ್ ಈಗ ಹನ್ನೊಂದು ನಿಮಿಷ ತಗೊಳ್ಳುತ್ತದೆ, ಬಾಟಲಿ ನೀರು ತಿಳಿಯಾಗಿದೆ. ಪೈಪಿನ ಕೆಲಸ ಮಾರ್ಚ್‌ನಲ್ಲಿ, ಕಾಫಿ ಕುಯ್ಲು ಮುಗಿದ ಮೇಲೆ. ಅಲ್ಲಿಯವರೆಗೆ ಜೋರು ಮಳೆಯ ರಾತ್ರಿ ಲೈನ್ ಮನೆಯವರೆಲ್ಲ ಮೇಲಿನ ಗೋಡೌನ್‌ನಲ್ಲಿ ಮಲಗುತ್ತಾರೆ. ಬೋಟುಗಳು ಶೆಡ್‌ನಲ್ಲಿ ಮಗುಚಿ ಬಿದ್ದಿವೆ.

ಬಲೆ ಬಿಚ್ಚಿದ್ದೇನೆ. ಮೊನ್ನೆ ಕೋಡಿ ಹರಿದಾಗ ಎರಡು ಕಾಟ್ಲಾ ಹಳ್ಳಕ್ಕೆ ಹೋದವು. ಸಂಜೆ ಲೈನ್ ಮನೆಯಿಂದ ಒಂದು ಪಾತ್ರೆ ಸಾರು ಬಂತು.