‘ನಮ್ಮ ಮನೆ ಮಂದಿ’ ಗುಂಪಿನಲ್ಲಿ ಪಂಪ್ ಬ್ಯಾಟರಿ ಫ್ಯಾನಿನ ಜಗಳ

ಮಾನ್ವಿ ಕಾಕಾ: ಎಲ್ಲರೂ ಈ ವಿಡಿಯೊ ನೋಡಿ. ಔಷಧ ಹೊಡೆಯುವ ಪಂಪಿನ ಬ್ಯಾಟರಿಗೆ ಹಳೆ ಕಂಪ್ಯೂಟರ್ ಫ್ಯಾನ್ ಕಟ್ಟಿದ್ದಾನೆ. ಕರೆಂಟ್ ಹೋದರೂ ರಾತ್ರಿಯಿಡೀ ಗಾಳಿ. ನಾಳೆ ನಾನೂ ಮಾಡುತ್ತೇನೆ, ಮೊಮ್ಮಗನ ತೊಟ್ಟಿಲ ಹತ್ತಿರ ಇಡಲಿಕ್ಕೆ.

ಸಿಂಧನೂರು ಅತ್ತೆ: ಚಲೋ ಇದೆ. ನಮಗೂ ಒಂದು ಮಾಡಿಕೊಡು. ಈ ಬಿಸಿಲಿಗೆ ಕರೆಂಟ್ ಹೋದರೆ ಕೂಸು ಮಲಗುವುದೇ ಇಲ್ಲ.

ನಾನು: ಕಾಕಾ, ಫ್ಯಾನ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅವನು ತೋರಿಸಿದ ಹಾಗೆ ಮಾಡಬೇಡಿ. ಫ್ಯೂಸ್ ಇಲ್ಲ. ವೈರ್ ಸುಮ್ನೆ ತಿರುವಿ ಬಿಟ್ಟಿದ್ದಾನೆ, ಟೇಪ್ ಕೂಡ ಸುತ್ತಿಲ್ಲ. ಫ್ಯಾನಿನ ವೈರಿಗೆ ಮನೆಯ ಟೂ ಪಿನ್ ಪ್ಲಗ್ ಬೇರೆ ಹಾಕಿದ್ದಾನೆ.

ಮಾನ್ವಿ ಕಾಕಾ: ಅದು ಬರೀ 12 ವೋಲ್ಟ್. ಬೆನ್ನ ಮೇಲೆ ಹೊತ್ತು ಹತ್ತಿಗೆ ಔಷಧ ಹೊಡೆಯುವವನು ನಾನು. ಕೈ ಇಟ್ಟರೂ ಶಾಕ್ ಹೊಡೆಯುವುದಿಲ್ಲ. ಜಾಸ್ತಿ ಹೆದರಿಸಬೇಡ.

ನಾನು: ಶಾಕ್ ಹೊಡೆಯುವುದಿಲ್ಲ, ಒಪ್ಪುತ್ತೇನೆ. ನನಗೆ ಭಯ ಬೆಂಕಿಯದು. ಫ್ಯಾನಿನ ಹಿಂದಿನ ಚೀಟಿ ಓದಿ. 12 ವೋಲ್ಟ್, 0.2 ಆಂಪಿಯರ್ ಅಂತ ಏನೋ ಇರುತ್ತದೆ. ಫ್ಯಾನಿಗೆ ಬೇಕಾಗಿದ್ದು ಅಷ್ಟೇ. ಆದರೆ ಬ್ಯಾಟರಿಯ ಎರಡು ವೈರ್ ಒಂದಕ್ಕೊಂದು ತಾಗಿದರೆ ಹತ್ತಾರು ಆಂಪಿಯರ್ ಒಮ್ಮೆಲೇ ಹರಿಯುತ್ತದೆ. ತೆಳ್ಳಗಿನ ವೈರ್ ಕೆಂಪಗೆ ಕಾಯುತ್ತದೆ, ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಪಕ್ಕದಲ್ಲಿ ಕೌದಿ ಇದ್ದರೆ ಹತ್ತಿಕೊಳ್ಳುತ್ತದೆ. ತೊಟ್ಟಿಲ ಸುತ್ತ ಇರುವುದೆಲ್ಲ ಬಟ್ಟೆಯೇ ಅಲ್ವಾ?

ತಮ್ಮ: ಪಂಪಿನಲ್ಲೂ ಇದೇ ಬ್ಯಾಟರಿ ಇರುತ್ತದಲ್ಲ ಅಣ್ಣ. ಅಲ್ಲಿ ಯಾಕೆ ಹೀಗಾಗುವುದಿಲ್ಲ?

ನಾನು: ಪಂಪಿನೊಳಗೆ ಟರ್ಮಿನಲ್ ಮುಚ್ಚಿರುತ್ತದೆ, ವೈರ್ ಎಳೆದಾಡುವವರು ಇರುವುದಿಲ್ಲ. ಹೊರಗೆ ತೆಗೆದು ನೆಲದ ಮೇಲೆ ಇಟ್ಟರೆ ಟರ್ಮಿನಲ್ ಮೇಲೆ ಅಡ್ಡ ಒಂದು ಚಮಚ ಬಿದ್ದರೂ ಸಾಕು. ಇನ್ನೊಂದು ಮಾತು ಕಾಕಾ. ಆ ಬ್ಯಾಟರಿಗೆ ಔಷಧದ ಹನಿ ಅಂಟಿರುತ್ತದೆ. ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಣಗಿಸಿ, ಡಬ್ಬಿಯೊಳಗೆ ಇಡಿ. ಆ ಬಟ್ಟೆ ಬಿಸಾಡಿ, ಕೈ ಸೋಪಿನಿಂದ ತೊಳೆದುಕೊಳ್ಳಿ. ಅದಾಗದೆ ಕೂಸಿನ ಹತ್ತಿರ ಒಯ್ಯಲೇಬೇಡಿ.

ಸಿಂಧನೂರು ಅತ್ತೆ: ಅದು ಖರೆ ಮಾತು. ಆದರೆ ಪ್ಲಗ್ ಇದ್ದರೆ ಅನುಕೂಲ ಅಲ್ವಾ? ಬೇಕಾದಾಗ ಹಾಕಬಹುದು, ತೆಗೆಯಬಹುದು.

ನಾನು: ಅತ್ತೆ, ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸಿದ್ದು ಆ ಪ್ಲಗ್ಗೇ. ಟೂ ಪಿನ್ ಕಂಡರೆ ಯಾರೇ ಆಗಲಿ ಗೋಡೆಯ ಬೋರ್ಡಿಗೆ ಹಾಕುತ್ತಾರೆ. ದೊಡ್ಡ ಮಗ ಹಾಕಬಹುದು, ಬಂದ ನೆಂಟರು ಹಾಕಬಹುದು. ಬೋರ್ಡಿನಲ್ಲಿ ಇರುವುದು 230 ವೋಲ್ಟ್. ಫ್ಯಾನ್ ಸುಡುವುದು ಬಿಡಿ, ಟೇಪ್ ಇಲ್ಲದ ಆ ಜಾಯಿಂಟ್ ಮುಟ್ಟಿದವರ ಜೀವ ಹೋಗಬಹುದು. ಸೆಟ್ ಟಾಪ್ ಬಾಕ್ಸಿಗೆ ಬರುತ್ತದಲ್ಲ, ದುಂಡನೆಯ ಡಿಸಿ ಪಿನ್, ಅದನ್ನು ಹಾಕಿಸಿ. ಅದು ಗೋಡೆಯ ಬೋರ್ಡಿಗೆ ಹೋಗುವುದೇ ಇಲ್ಲ.

ತಮ್ಮ: ನನ್ನ ಹತ್ತಿರ ಹಳೆ ಲ್ಯಾಪ್‌ಟಾಪಿನ ಸೆಲ್ ಇವೆ. ಹಗುರ ಇರುತ್ತವೆ. ಅವನ್ನೇ ಜೋಡಿಸಿದರೆ?

ನಾನು: ಬೇಡವೇ ಬೇಡ. ಅವು ಲಿಥಿಯಂ ಸೆಲ್. ಒಂದೊಂದಕ್ಕೂ 4.2 ವೋಲ್ಟ್ ಮೀರದ ಹಾಗೆ ನೋಡಿಕೊಳ್ಳುವ ಸಣ್ಣ ಸರ್ಕ್ಯೂಟ್ ಬೋರ್ಡ್ ಬೇಕು. ಅದಿಲ್ಲದೆ ಚಾರ್ಜ್ ಮಾಡಿದರೆ ಉಬ್ಬುತ್ತವೆ, ಉರಿಯುತ್ತವೆ. ಹಳೆ ಸೆಲ್ಲಿನ ಮೇಲೆ ಮನೆಯಲ್ಲಿ ಪ್ರಯೋಗ ಮಾಡಬೇಡ.

ಮಾನ್ವಿ ಕಾಕಾ: ನಿನ್ನ ಮಾತು ಕೇಳಿದರೆ ಹೊಸ ಫ್ಯಾನ್ ತರುವುದೇ ಅಗ್ಗ ಅನ್ನಿಸುತ್ತದೆ.

ನಾನು: ಇಲ್ಲ ಕಾಕಾ, ಒಂದು ಗಾಜಿನ ಫ್ಯೂಸ್, ಅದರ ಹೋಲ್ಡರ್, ಒಂದು ಸ್ವಿಚ್, ಫ್ಯಾನಿಗೆ ಜಾಲಿ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ, ದುಬಾರಿ ಅಲ್ಲ. 1 ಆಂಪಿಯರ್ ಫ್ಯೂಸ್ ಕೇಳಿ. ನಿಮ್ಮದು 8 ಆಂಪಿಯರ್ ಅವರ್ ಬ್ಯಾಟರಿ, ಅಂದರೆ ಲೆಕ್ಕಕ್ಕೆ 1 ಆಂಪಿಯರ್‌ನಂತೆ 8 ಗಂಟೆ ಕೊಡುವಂಥದ್ದು ಆಗಿದ್ದರೆ, ಅರ್ಧ ಮಾತ್ರ ಖಾಲಿ ಮಾಡಿದರೂ 0.2 ಆಂಪಿಯರ್ ಫ್ಯಾನ್ 20 ಗಂಟೆ ತಿರುಗಬೇಕು. ಬ್ಯಾಟರಿ ಹಳೆಯದಾದರೆ ಕಡಿಮೆ. ನಿಮ್ಮ ಯೋಚನೆ ಒಳ್ಳೆಯದೇ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮಾನ್ವಿ ಕಾಕಾ: ಸರಿ. ಸ್ವಿಚ್ ಮನೆಯಲ್ಲೇ ಇದೆ, ಎರಡು ಕಾಲಿನದು. ಬ್ಯಾಟರಿಯ ಕೆಂಪು ಒಂದು ಕಾಲಿಗೆ, ಕಪ್ಪು ಇನ್ನೊಂದು ಕಾಲಿಗೆ. ಅಲ್ವಾ?

ನಾನು: ಅಯ್ಯೋ, ಬೇಡ! ಹಾಗೆ ಕಟ್ಟಿ ಸ್ವಿಚ್ ಒತ್ತಿದರೆ ಬ್ಯಾಟರಿ ನೇರವಾಗಿ ಶಾರ್ಟ್ ಆಗುತ್ತದೆ. ಕಪ್ಪು ವೈರ್ ಸ್ವಿಚ್ಚಿಗೆ ಬರುವುದೇ ಬೇಡ. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್, ಫ್ಯೂಸಿನಿಂದ ಸ್ವಿಚ್ಚಿನ ಒಂದು ಕಾಲು, ಇನ್ನೊಂದು ಕಾಲಿನಿಂದ ಫ್ಯಾನಿನ ಕೆಂಪು. ಫ್ಯಾನಿನ ಕಪ್ಪು ವಾಪಸ್ ಮೈನಸ್‌ಗೆ. ಫ್ಯಾನಿನಲ್ಲಿ ಮೂರನೇ ವೈರ್ ಇದ್ದರೆ ಅದು ವೇಗ ತಿಳಿಸಲಿಕ್ಕೆ, ಟೇಪ್ ಸುತ್ತಿ ಬಿಟ್ಟುಬಿಡಿ. ಚಾರ್ಜಿಗೆ ಪಂಪಿನ ಜೊತೆ ಬಂದ ಚಾರ್ಜರ್ ಮಾತ್ರ ಬಳಸಿ, ಅದೂ ಗಾಳಿ ಆಡುವ ಕಡೆ. ತೊಟ್ಟಿಲ ಕೆಳಗೆ ಬೇಡ.

ಸಿಂಧನೂರು ಅತ್ತೆ: ಕಟ್ಟಿದ ಮೇಲೆ ಫೋಟೊ ಹಾಕು. ಇವನು ನೋಡಿ ಹೂಂ ಅಂದ ಮೇಲೇ ಬ್ಯಾಟರಿಗೆ ಜೋಡಿಸು.

ಮಾನ್ವಿ ಕಾಕಾ: ಕಟ್ಟಿದ್ದೇನೆ, ಫೋಟೊ ನೋಡು. ಪ್ಲಗ್ ಹಾಕಿಲ್ಲ, ಜಾಲಿ ಹಾಕಿದ್ದೇನೆ. ಬ್ಯಾಟರಿಗೆ ಇನ್ನೂ ಜೋಡಿಸಿಲ್ಲ.

ನಾನು: ಜಾಯಿಂಟ್ ಎಲ್ಲ ಚಲೋ ಆಗಿವೆ ಕಾಕಾ. ಫ್ಯೂಸ್ ಮಾತ್ರ ಫ್ಯಾನಿನ ಹತ್ತಿರ ಇದೆ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಶಾರ್ಟ್ ಆದರೆ ಫ್ಯೂಸ್ ಅದನ್ನು ತಡೆಯುವುದಿಲ್ಲ. ಬ್ಯಾಟರಿಯ ಪ್ಲಸ್ ಪಕ್ಕಕ್ಕೆ ತನ್ನಿ, ನಾಲ್ಕು ಬೆರಳಿನಷ್ಟು ದೂರ ಸಾಕು.

ಮಾನ್ವಿ ಕಾಕಾ: ಆಯ್ತು, ಬಿಚ್ಚಿ ಕಟ್ಟುತ್ತೇನೆ. ಆ ವಿಡಿಯೊನೂ ಗುಂಪಿನಿಂದ ತೆಗೆಯುತ್ತೇನೆ. ಬೇರೆ ಯಾರಿಗಾದರೂ ಕಳಿಸಿದ್ದರೆ ನೀವೂ ತೆಗೆಯಿರಿ.