ಸೋಲಾರ್ ಡ್ರೈಯರ್ ತಗಡಿಗೆ ಗುಳಿ ಹೊಡೆಸಿದ್ರೆ ಗಾಳಿ ಜಾಸ್ತಿ ಬಿಸಿ ಆಗತ್ತಾ?

ಮುರುಗಲು_ಫೋಂಡಾ:
ನಮಸ್ಕಾರ, ಅಂಕೋಲಾ ಕಡೆಯವನು, ಫೋಂಡಾದಲ್ಲಿದೀನಿ. ಮುರುಗಲು ಸಿಪ್ಪೆ ಒಣಗಿಸೋಕೆ ಟೆರೇಸ್ ಮೇಲೆ ಸೋಲಾರ್ ಏರ್ ಹೀಟರ್ ಮಾಡ್ಕೊಂಡಿದೀನಿ, 2 ಮೀಟರ್ ಉದ್ದ 1 ಮೀಟರ್ ಅಗಲದ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಕಪ್ಪು ಬಳಿದ ಅಲ್ಯೂಮಿನಿಯಂ ತಗಡು, ಅದರ ಕೆಳಗಿನ 25 ಮಿ.ಮೀ. ಸಂದಿಯಲ್ಲಿ ಫ್ಯಾನ್ ಗಾಳಿ ತಳ್ಳತ್ತೆ. ತಗಡು 85 ಡಿಗ್ರಿ ತೋರಿಸತ್ತೆ, ಬರೋ ಗಾಳಿ ಮಾತ್ರ ಹೊರಗಿಗಿಂತ 10-12 ಡಿಗ್ರಿ ಅಷ್ಟೇ ಜಾಸ್ತಿ. ತಗಡಿನ ಮೇಲ್ಗಡೆ ಗುಳಿ ಹೊಡೆಸ್ಲಾ?

ಕೊತ್ರೂಡ್_ಧಾರವಾಡದಾಂವ:
ಮ್ಯಾಲೆ ಅಲ್ರೀ, ಕೆಳಗ! ಗಾಳಿ ಎಲ್ಲಿ ಹರೀತದ ಅಲ್ಲೇ ಮಾಡ್ಬೇಕು. ಗಾಳಿ ಅಂದ್ರ ಶಾಖ ಸರಿಯಾಗಿ ಒಯ್ಯೋದ್ರಾಗ ಭಾಳ ಸೋಮಾರಿ, ತಗಡಿಗೆ ಅಂಟಿಕೊಂಡ ತೆಳು ಪದರ ಅಲ್ಲೇ ಕುಂತುಬಿಡ್ತದ, ಕಂಬಳಿ ಹೊದ್ದಂಗ, ತಗಡಿನ ಬಿಸಿ ಹೊರಗ ಬಿಡಂಗಿಲ್ಲ. ಆ ಪದರ ಒಡೀಲಿಕ್ಕೇ ರಿಬ್, ಅಂದ್ರ ಗಾಳಿಗೆ ಅಡ್ಡ ಬರೋ ಸಣ್ಣ ಉಬ್ಬು ಗೆರಿ. ನಾ ಎಂಟೆಕ್ ಪ್ರಾಜೆಕ್ಟ್‌ನ್ಯಾಗ ಇದನ್ನೇ ಮಾಡಿದ್ದೆ. ಗುಳಿ ಹೊಡಸೂದು ಖರ್ಚು, 2 ಮಿ.ಮೀ. ತಂತಿ ಗಾಳಿಗೆ ಅಡ್ಡಲಾಗಿ ಅಂಟಿಸ್ರಿ, ಒಂದರಿಂದ ಒಂದಕ್ಕ 20 ಮಿ.ಮೀ., ಅಂದ್ರ ಎತ್ತರದ ಹತ್ತು ಪಟ್ಟು. ಇನ್ನೂ ದಟ್ಟ ಮಾಡಿದ್ರ ಛಲೋ ಅಂತ ಅನಸ್ತದ, ಅಲ್ಲ. ತಂತಿ ದಾಟಿದ ಗಾಳಿ ಮತ್ತ ತಗಡು ಮುಟ್ಟಲಿಕ್ಕೆ ಅದರ ಎತ್ತರದ 6-8 ಪಟ್ಟು ದೂರ ಬೇಕು, ಅದರ ಮೊದಲೇ ಇನ್ನೊಂದು ತಂತಿ ಬಂದ್ರ ಮುಟ್ಟೋದೇ ಇಲ್ಲ. ವಿ ಆಕಾರದಾಗ 60 ಡಿಗ್ರಿ ಓರೆ ಹಾಕಿದ್ರ ಇನ್ನೂ ಛಲೋ. ಒಂದು ಸಲ ನನ್ನ ತಂತಿ ಅಂಟು ಬಿಸಿಲಿಗೆ ಬಿಟ್ಟು ಫ್ಯಾನಿಗೆ ಸಿಕ್ಕೊಂಡಿತ್ತು, ಬಿಸಿ ತಡಿಯೋ ಅಂಟು ತಗೋರಿ.

ಡೊಂಬಿವಲಿ_ಮಾವ:
ಜಿಐ ತಂತಿ, ಅಂದ್ರೆ ಸತು ಲೇಪಿಸಿದ ಕಬ್ಬಿಣದ ತಂತಿ, ಬೇಡಪ್ಪಾ, ಗೋವಾದ ಉಪ್ಪುಗಾಳಿಗೆ ಅಲ್ಯೂಮಿನಿಯಂ ಜೊತೆ ಸೇರಿದ್ರೆ ತುಕ್ಕು ಹಿಡಿಯತ್ತೆ, ಅಲ್ಯೂಮಿನಿಯಂ ತಂತಿನೇ ಹಾಕು. ಇನ್ನೊಂದು ವಿಷ್ಯ, ರಿಬ್ ಹಾಕಿದ್ರೆ ಗಾಳಿಗೆ ತಡೆನೂ ಜಾಸ್ತಿ, ಶಾಖ ಒಯ್ಯೋದು ಎರಡು ಪಟ್ಟಾದ್ರೆ ಘರ್ಷಣೆ ಅದಕ್ಕಿಂತ ಹೆಚ್ಚಾಗತ್ತೆ ಅನ್ಕೋ, ನಿನ್ನ ಸಣ್ಣ ಫ್ಯಾನ್ ಉಸಿರು ಕಟ್ಟಬಹುದು. ಮೊದ್ಲು ಗಾಳಿ ಎಷ್ಟು ಹೋಗ್ತಿದೆ ಅಳೆ. 2 ಚದರ ಮೀಟರಿಂದ 800 ವ್ಯಾಟ್ ಸಿಕ್ತು ಅಂದ್ಕೊಂಡ್ರೂ 20 ಡಿಗ್ರಿ ಏರೋಕೆ ಗಂಟೆಗೆ ಸುಮಾರು 125 ಘನ ಮೀಟರ್ ಸಾಕು, ಫ್ಯಾನ್ ಅದಕ್ಕಿಂತ ಡಬಲ್ ತಳ್ತಿದ್ರೆ ಅದೇ 800 ವ್ಯಾಟಿಗೆ 10 ಡಿಗ್ರಿಯೇ. ಒಣಗಿಸೋಕೆ ಬಿಸಿನೂ ಬೇಕು ಗಾಳಿನೂ ಬೇಕು, ಬರೀ ಡಿಗ್ರಿ ನೋಡ್ಕೊಂಡು ಕೂರಬೇಡ.

ಮುರುಗಲು_ಫೋಂಡಾ:
ಅಳೆಯೋ ಯಂತ್ರ ಇಲ್ಲ ಮಾವ, ದೊಡ್ಡ ಪ್ಲಾಸ್ಟಿಕ್ ಚೀಲ ಕಟ್ಟಿ ಎಷ್ಟು ಸೆಕೆಂಡಿಗೆ ತುಂಬತ್ತೆ ನೋಡ್ತೀನಿ. ಫ್ಯಾನ್ ಇಲ್ದೆ ಬರೀ ಚಿಮಣಿ ಇಟ್ರೆ?

ಕೊತ್ರೂಡ್_ಧಾರವಾಡದಾಂವ:
ಹಂಗಾದ್ರ ತಂತಿ ಬ್ಯಾಡ್ರಿ, ಆ ನಿಧಾನ ಗಾಳಿಗೆ ತಡೆ ಆಗ್ತದ ಹೊರತು ಲಾಭ ಇಲ್ಲ.